ಹಾಲಿಗೆ ಯಂತ್ರ, ಕಬ್ಬಿಗೆ ನಂಬಿಕೆ

ಖರಾಡಿಯಲ್ಲಿರುವ ನಮ್ಮಂಥವರಿಗೆ ಮುಳಾ-ಮುಠಾ ನದಿ ಎಂದರೆ ಮುಂಢವಾ ಸೇತುವೆಯ ಮೇಲಿನ ಟ್ರಾಫಿಕ್ಕು, ಅಷ್ಟೇ. ಆ ಸೇತುವೆ ದಾಟಿ ಎಡಕ್ಕೆ ಹೊರಳಿ, ಕೇಶವನಗರ ಹಿಂದೆ ಹಾಕಿದರೆ ಮಾಂಜರಿ ಬುದ್ರುಕ್ ಸಿಗುತ್ತದೆ. ಅಲ್ಲಿರುವುದು ವಸಂತದಾದಾ ಸಕ್ಕರೆ ಸಂಸ್ಥೆ. 1975ರಲ್ಲಿ ಡೆಕ್ಕನ್ ಶುಗರ್ ಇನ್‌ಸ್ಟಿಟ್ಯೂಟ್ ಎಂದು ಶುರುವಾಗಿ, ಮುಂದೆ ವಸಂತದಾದಾ ಪಾಟೀಲರ ಹೆಸರು ಪಡೆದ ಸಂಸ್ಥೆ. ನಮ್ಮಲ್ಲಿ ಬಹಳ ಜನ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದವರು. ಊರಿನಲ್ಲಿ ನಾಲ್ಕು ಎಕರೆ ಕಬ್ಬಿನ ಬಿಲ್ಲಿನಲ್ಲಿ ಕಾಲೇಜಿನ ಫೀ ಕಟ್ಟಿ ಓದಿದವರು. ಆದರೂ ಆ ಕಬ್ಬಿನ ವಿದ್ಯೆಯ ದೊಡ್ಡ ಮನೆಯೊಂದು ಹೊಳೆಯ ಆಚೆ ದಂಡೆಯಲ್ಲೇ ಇದೆ ಎಂಬುದು ನಮಗೆ ಅಷ್ಟಾಗಿ ನೆನಪಿರುವುದಿಲ್ಲ.

ನನಗೆ ನೆನಪಾದದ್ದು ಕೆಲಸದ ದೆಸೆಯಿಂದ. ಆಹಾರ ಕಾರ್ಖಾನೆಗಳ ಪೈಪುಗಳಲ್ಲಿ ಕೂತು ರಸ, ಹಾಲು, ಪಾಕಗಳ ಗುಣವನ್ನು ತಾವೇ ಅಳೆಯುತ್ತಿರುವ ಯಂತ್ರಗಳಿಂದ ಬರುವ ಸಂಖ್ಯೆಗಳನ್ನು ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಉದ್ಯೋಗ. ಸಕ್ಕರೆ ಕಾರ್ಖಾನೆಯ ಪರದೆ ನೋಡುವಾಗಲೆಲ್ಲ ಒಂದು ವಿಚಾರ ಕಾಡುತ್ತಿತ್ತು. ಸಿಹಿಯನ್ನು ನಾಲಿಗೆಯಿಂದ ಕಿತ್ತು ಯಂತ್ರಕ್ಕೆ ಒಪ್ಪಿಸಿದ್ದು ಯಾವಾಗ, ಯಾಕೆ? ಆ ಯಂತ್ರ ತೋರಿಸುವ ಸಂಖ್ಯೆಯನ್ನು ನೋಡುವ ಹಕ್ಕು ಯಾರದು? ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು.

ಮೊದಲು ಇದ್ದದ್ದು ಕಣ್ಣು, ಕೈ ಮತ್ತು ನಾಲಿಗೆ. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವನನ್ನು ಮರಾಠಿಯವರು ಗುಳವ್ಯಾ ಅನ್ನುತ್ತಾರೆ. ರಸಕ್ಕೆ ಎಷ್ಟು ಸುಣ್ಣ ಹಾಕಬೇಕು, ಬೆಂಡೆ ಗಿಡದ ಲೋಳೆಯನ್ನು ಯಾವಾಗ ಬಿಟ್ಟು ಮಡ್ಡಿ ತೆಗೆಯಬೇಕು, ಪಾಕ ಎಷ್ಟು ಎಳೆ ಬಂದಾಗ ಇಳಿಸಬೇಕು, ಎಲ್ಲವೂ ಅವನ ಅಂದಾಜು. ತಣ್ಣೀರಿನಲ್ಲಿ ಒಂದು ಹನಿ ಬಿಟ್ಟು, ಅದು ಬೆರಳಿನ ನಡುವೆ ಉಂಡೆಯಾಗುವುದನ್ನು ನೋಡಿ 'ಇಳಸ್ರಿ' ಅಂದರೆ ಇಳಿಸಬೇಕು. ಈ ಅಳತೆಗೆ ಒಂದು ಗುಣವಿತ್ತು. ಕಬ್ಬು ತಂದ ರೈತ ಪಕ್ಕದಲ್ಲೇ ನಿಂತಿರುತ್ತಿದ್ದ. ತನ್ನ ಕಬ್ಬಿಗೆ ಎಷ್ಟು ಪೆಂಟಿ ಬೆಲ್ಲ ಬಂತು ಎಂಬುದನ್ನು ತಾನೇ ಎಣಿಸಿಕೊಂಡು ಮನೆಗೆ ಒಯ್ಯುತ್ತಿದ್ದ.

ಸಿಹಿ ಗಡಿ ದಾಟಿ ವ್ಯಾಪಾರಕ್ಕೆ, ತೆರಿಗೆಗೆ ಸಿಕ್ಕಿದಾಗ ಈ ಅಂದಾಜು ಸಾಲದಾಯಿತು. ಫ್ರಾನ್ಸಿನ ಜಾನ್ ಬಾಪ್ಟಿಸ್ಟ್ ಬಿಯೊ 1815ರಲ್ಲಿ ಒಂದು ವಿಚಿತ್ರ ಕಂಡ. ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿದ ಬೆಳಕನ್ನು ಕೆಲವು ದ್ರವಗಳ ಮೂಲಕ ಹಾಯಿಸಿದರೆ ಆ ಕಂಪನದ ದಿಕ್ಕು ತಿರುಗುತ್ತದೆ. ಸಕ್ಕರೆ ನೀರು ಅದನ್ನು ಬಲಕ್ಕೆ ತಿರುಗಿಸುತ್ತದೆ. ಸಕ್ಕರೆ ಹೆಚ್ಚಿದಷ್ಟೂ ತಿರುವು ಹೆಚ್ಚು. ಇದರ ಮೇಲೆ ಕಟ್ಟಿದ ಉಪಕರಣವೇ ಪೋಲಾರಿಮೀಟರ್. ಸಕ್ಕರೆ ಲ್ಯಾಬುಗಳಲ್ಲಿ ಇಂದಿಗೂ ಕೇಳುವ 'ಪೋಲ್' ಎಂಬ ಮಾತು ಬಂದದ್ದು ಅಲ್ಲಿಂದ. ಇನ್ನೊಂದು ಮಾತು 'ಬ್ರಿಕ್ಸ್'. ರಸದ ಸಾಂದ್ರತೆಯಿಂದ ಅದರಲ್ಲಿ ಕರಗಿದ್ದೆಷ್ಟು ಎಂದು ಹೇಳುವ ಕೋಷ್ಟಕವನ್ನು ಪ್ರಾಗ್‌ನ ಕಾರ್ಲ್ ಬಾಲಿಂಗ್ 1843ರಲ್ಲಿ ಮಾಡಿದ. ಜರ್ಮನಿಯ ಅಡಾಲ್ಫ್ ಬ್ರಿಕ್ಸ್ 1850ರ ದಶಕದಲ್ಲಿ ಅದನ್ನು ತಿದ್ದಿದ. ಬ್ರಿಕ್ಸ್ ಕರಗಿದ್ದೆಲ್ಲವನ್ನೂ ಲೆಕ್ಕ ಹಿಡಿಯುತ್ತದೆ, ಉಪ್ಪನ್ನೂ ಸೇರಿಸಿ. ಪೋಲ್ ಹೇಳುವುದು ಅದರೊಳಗಿನ ಸಕ್ಕರೆಯನ್ನು. ಸವಳು ಭೂಮಿಯ ಕಬ್ಬಿಗೆ ಬ್ರಿಕ್ಸ್ ಬಂದರೂ ಸಕ್ಕರೆ ಕಡಿಮೆ ಬರುವುದು ಇದಕ್ಕೇ.

ಬೆಳಕಿನ ಈ ಅಳತೆಯನ್ನು ಸರ್ಕಾರಗಳು ಕೈಗೆತ್ತಿಕೊಂಡದ್ದು ಮೋಸದ ಕಾರಣಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಕ್ಕರೆಯ ದರ್ಜೆಯನ್ನು ಬಣ್ಣದಿಂದ ತೀರ್ಮಾನಿಸುತ್ತಿದ್ದರು. 'ಡಚ್ ಸ್ಟ್ಯಾಂಡರ್ಡ್' ಎಂದು ಕಪ್ಪಿನಿಂದ ಬಿಳಿಯವರೆಗೆ ನಂಬರು ಹಾಕಿದ ಸಕ್ಕರೆ ಬಾಟಲಿಗಳಿರುತ್ತಿದ್ದವು. ಅಮೆರಿಕದ ಬಂದರುಗಳಲ್ಲಿ ಬಿಳಿ ಸಕ್ಕರೆಗೆ ಸುಂಕ ಜಾಸ್ತಿ. ಹಾಗಾಗಿ ಒಳ್ಳೆಯ ಸಕ್ಕರೆಗೇ ಬೇಕೆಂದು ಬಣ್ಣ ಕಟ್ಟಿ ಕಪ್ಪು ಮಾಡಿ ತರತೊಡಗಿದರು. ಕೊನೆಗೆ 1883ರ ಸುಂಕದ ಕಾನೂನು ಬಣ್ಣವನ್ನು ಹಿಂದೆ ಸರಿಸಿ ಪೋಲಾರಿಸ್ಕೋಪನ್ನು ಮುಂದೆ ತಂದಿತು. 1897ರಲ್ಲಿ ಹ್ಯಾಂಬರ್ಗ್‌ನಲ್ಲಿ ದೇಶದೇಶಗಳ ರಸಾಯನಜ್ಞರು ಸೇರಿ ಸಕ್ಕರೆ ಅಳೆಯುವ ವಿಧಾನಗಳನ್ನು ಏಕರೂಪಗೊಳಿಸುವ ಆಯೋಗ ಮಾಡಿಕೊಂಡರು. ಇಕುಮ್ಸಾ ಎಂಬ ಆ ಹೆಸರು ಸಕ್ಕರೆಯ ಬಣ್ಣದ ಅಳತೆಯಾಗಿ ಇಂದಿಗೂ ಉಳಿದಿದೆ.

ಗುಣದ ಅಳತೆ ಬಿಗಿಯಾದಾಗ ಮೋಸ ಎಲ್ಲಿಗೆ ಹೋಯಿತು? ತಕ್ಕಡಿಗೆ. 1907ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಧಕ್ಕೆಯಲ್ಲಿ ಅಮೆರಿಕನ್ ಶುಗರ್ ರಿಫೈನಿಂಗ್ ಕಂಪನಿಯ ಕಾಟಾಗಳಲ್ಲಿ ರಂಧ್ರ ಕೊರೆದು ಸ್ಪ್ರಿಂಗ್ ತೂರಿಸಿ ತೂಕ ಕಡಿಮೆ ತೋರಿಸುತ್ತಿದ್ದುದನ್ನು ಸುಂಕದ ಅಧಿಕಾರಿಗಳು ಹಿಡಿದರು. ಕಂಪನಿ 20 ಲಕ್ಷ ಡಾಲರಿಗೂ ಹೆಚ್ಚು ಬಾಕಿ ಸುಂಕ ಕಟ್ಟಬೇಕಾಯಿತು. ಈ ಸಂಗತಿ ಓದಿದಾಗ ನಮ್ಮ ಕಡೆ ಪ್ರತಿ ಹಂಗಾಮಿನಲ್ಲೂ ಕೇಳುವ 'ಕಾಟಾದಾಗ ಹೊಡದ್ರು' ಎಂಬ ಮಾತು ನೆನಪಾಯಿತು. ಅಲ್ಲಿ ಕಳಕೊಂಡದ್ದು ಸರ್ಕಾರ, ಆದ್ದರಿಂದ ಕಾಟಾದ ಹತ್ತಿರ ಅಧಿಕಾರಿ ನಿಂತಿದ್ದ.

ನಮ್ಮ ದೇಶದಲ್ಲಿ ಸಕ್ಕರೆ ಕಾರ್ಖಾನೆಗಳ ಸುಗ್ಗಿ ಬಂದದ್ದು 1932ರ ಸಕ್ಕರೆ ಉದ್ಯಮ ರಕ್ಷಣಾ ಕಾನೂನಿನಿಂದ. ಜಾವಾದಿಂದ ಬರುವ ಸಕ್ಕರೆಗೆ ಭಾರಿ ಸುಂಕ ಬಿತ್ತು. ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ನೂರು ದಾಟಿದವು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರ ಮುತುವರ್ಜಿಯಿಂದ 1933ರಲ್ಲಿ ಮಂಡ್ಯದ ಮೈಸೂರು ಶುಗರ್ ಕಂಪನಿ ಹುಟ್ಟಿತು. ಕೃಷ್ಣೆಯ ದಂಡೆಯ ಉಗಾರ ಖುರ್ದ್‌ನಲ್ಲಿ 1939ರಲ್ಲಿ ಶಿರಗಾಂವಕರ ಸಹೋದರರು ಉಗಾರ ಶುಗರ್ ವರ್ಕ್ಸ್ ಕಟ್ಟಿದರು. ಕಾರ್ಖಾನೆ ಬಂದ ಮೇಲೆ ಕೆಮಿಸ್ಟರು ಬೇಕಲ್ಲ. 1936ರಲ್ಲಿ ಕಾನ್ಪುರದಲ್ಲಿ ಸಕ್ಕರೆ ತಂತ್ರಜ್ಞಾನದ ಸಂಸ್ಥೆ, ಅದೇ ವರ್ಷ ಪುಣೆಯಲ್ಲಿ ಡೆಕ್ಕನ್ ಸಕ್ಕರೆ ತಂತ್ರಜ್ಞರ ಸಂಘ ಶುರುವಾದವು. ಪ್ರವರಾದಲ್ಲಿ ವಿಠ್ಠಲರಾವ್ ವಿಖೆ ಪಾಟೀಲ ಮತ್ತು ಧನಂಜಯರಾವ್ ಗಾಡಗೀಳರು 1950ರ ಹೊತ್ತಿಗೆ ಸಹಕಾರಿ ಕಾರ್ಖಾನೆ ನಿಲ್ಲಿಸಿದ ಮೇಲೆ ಆ ಮಾದರಿ ಗಡಿ ದಾಟಿ ನಮ್ಮ ಕಡೆಗೂ ಹಬ್ಬಿತು. ಮಾಂಜರಿಯ ಸಂಸ್ಥೆ ಈ ಸಹಕಾರಿ ಲೋಕದ ಕೂಸು.

ಈಗ ಕಾರ್ಖಾನೆಯ ಒಳಗೆ ಬರೋಣ. ಕಬ್ಬಿನ ರಸ ನಿಲ್ಲದೆ ಹರಿಯುವ ವಸ್ತು. ಲ್ಯಾಬಿನ ಹುಡುಗ ಗಂಟೆಗೊಮ್ಮೆ ಸ್ಯಾಂಪಲ್ ಒಯ್ದು, ಪೋಲ್ ನೋಡಿ, ಚೀಟಿ ಬರೆದು ಕಳಿಸುವಷ್ಟರಲ್ಲಿ ನೂರಾರು ಟನ್ ರಸ ಮುಂದೆ ಹೋಗಿರುತ್ತದೆ. ನಮ್ಮ ಹೆಚ್ಚಿನ ಕಾರ್ಖಾನೆಗಳಲ್ಲಿ ಬಿಸಿ ರಸಕ್ಕೆ ಸುಣ್ಣದ ಹಾಲು ಮತ್ತು ಗಂಧಕದ ಹೊಗೆ ಕೊಟ್ಟು ತಿಳಿ ಮಾಡುತ್ತಾರೆ. ಸುಣ್ಣ ಹೆಚ್ಚಾದರೆ ಬಣ್ಣ ಕೆಡುತ್ತದೆ, ಹುಳಿ ಹೆಚ್ಚಾದರೆ ಸಕ್ಕರೆಯೇ ಒಡೆಯುತ್ತದೆ. ಒಡೆದ ಸಕ್ಕರೆ ಬೆಳಕನ್ನು ಬಲಕ್ಕೆ ಬದಲು ಎಡಕ್ಕೆ ತಿರುಗಿಸುತ್ತದೆ. ಅದಕ್ಕೇ ಕೆಮಿಸ್ಟರು ಇದನ್ನು 'ಇನ್ವರ್ಷನ್' ಅನ್ನುವುದು. ಅದು ಹರಳಾಗುವುದಿಲ್ಲ, ಕಾಕಂಬಿಗೆ ಹೋಗುತ್ತದೆ. ಆದ್ದರಿಂದ ಪಿಎಚ್ ಏಳರ ಆಸುಪಾಸಿನಲ್ಲೇ ನಿಲ್ಲಬೇಕು, ಪ್ರತಿ ಕ್ಷಣವೂ.

ಪಿಎಚ್ ಮೀಟರಿನ ಹುಟ್ಟೂ ಆಹಾರ ಕಾರ್ಖಾನೆಯಲ್ಲೇ ಆದದ್ದು. 1934ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಂಬೆ ರಸದ ಹುಳಿ ಅಳೆಯಲಾಗದೆ ಒದ್ದಾಡುತ್ತಿದ್ದ ಗ್ಲೆನ್ ಜೋಸೆಫ್ ಎಂಬ ರಸಾಯನಜ್ಞ ಹಳೆಯ ಸಹಪಾಠಿ ಆರ್ನಾಲ್ಡ್ ಬೆಕ್‌ಮನ್ ಹತ್ತಿರ ಹೋದ. ರಸದಲ್ಲಿದ್ದ ಸಲ್ಫರ್ ಡೈ ಆಕ್ಸೈಡ್ ಲಿಟ್ಮಸ್ ಕಾಗದದ ಬಣ್ಣವನ್ನೇ ತಿಂದುಹಾಕುತ್ತಿತ್ತು. ಬೆಕ್‌ಮನ್ ಗಾಜಿನ ಎಲೆಕ್ಟ್ರೋಡಿಗೆ ರೇಡಿಯೊ ವಾಲ್ವುಗಳ ಆಂಪ್ಲಿಫೈಯರ್ ಸೇರಿಸಿ ಹೊಸ ಉಪಕರಣ ಕಟ್ಟಿಕೊಟ್ಟ. ನಮ್ಮ ಕಾರ್ಖಾನೆಗಳು ಕಬ್ಬಿನ ರಸಕ್ಕೆ ಬಿಡುವ ಗಂಧಕದ ಹೊಗೆಯೂ ಅದೇ ಸಲ್ಫರ್ ಡೈ ಆಕ್ಸೈಡ್. ಅದರ ನಡುವೆ ಇಂದು ಎಲೆಕ್ಟ್ರೋಡು ಕೂತು ಸುಣ್ಣದ ವಾಲ್ವನ್ನು ತಾನೇ ತೆರೆದು ಮುಚ್ಚಿಸುತ್ತದೆ.

ಮನುಷ್ಯನ ಕೈಯಿಲ್ಲದೆ ರಸಾಯನ ಪರೀಕ್ಷೆಯನ್ನೇ ಸಾಲಾಗಿ ನಡೆಸುವ ಯಂತ್ರ ಬಂದದ್ದು ಆಸ್ಪತ್ರೆಯ ದಾರಿಯಿಂದ. ಕ್ಲೀವ್‌ಲ್ಯಾಂಡಿನ ಲೆನಾರ್ಡ್ ಸ್ಕೆಗ್ಸ್ ಸಣ್ಣ ನಳಿಕೆಯಲ್ಲಿ ಗಾಳಿಯ ಗುಳ್ಳೆಗಳನ್ನು ಬಿಟ್ಟು ಒಂದು ಸ್ಯಾಂಪಲ್ ಇನ್ನೊಂದಕ್ಕೆ ಬೆರೆಯದಂತೆ ಮಾಡಿದ. ಟೆಕ್ನಿಕಾನ್ ಕಂಪನಿ 1957ರಲ್ಲಿ ಅದನ್ನು ಆಟೋ ಅನಲೈಸರ್ ಎಂದು ಮಾರಾಟಕ್ಕೆ ತಂದಿತು. ರಕ್ತಕ್ಕೆಂದು ಹುಟ್ಟಿದ ಆ ಯಂತ್ರ ನೀರು, ಮಣ್ಣು, ಆಹಾರದ ಲ್ಯಾಬುಗಳಿಗೂ ಹೋಯಿತು.

ಇಂದಿನ ಒಳ್ಳೆಯ ಕಾರ್ಖಾನೆಯಲ್ಲಿ ಪೈಪಿನ ಗೋಡೆಗೆ ಕೂರಿಸಿದ ಗಾಜಿನ ಪ್ರಿಸಮ್ ಬ್ರಿಕ್ಸ್ ಹೇಳುತ್ತಿರುತ್ತದೆ. ಪಾಕ ಹರಳುಗಟ್ಟುವ ಪ್ಯಾನಿನಲ್ಲಿ ಹಿಂದೆ ಗುಳವ್ಯಾನ ಬೆರಳು ಮಾಡುತ್ತಿದ್ದ ಕೆಲಸವನ್ನು ವಿದ್ಯುತ್ ವಾಹಕತೆಯ ಅಥವಾ ಮೈಕ್ರೋವೇವಿನ ಪ್ರೋಬ್ ಮಾಡುತ್ತದೆ. ಬಾಯ್ಲರಿಗೆ ಮರಳುವ ನೀರಿನಲ್ಲಿ ಸಕ್ಕರೆಯ ಅಂಶ ಬಂದರೆ ಬಾಯ್ಲರ್ ನೊರೆಯೆದ್ದು ಕೆಡುತ್ತದೆ. ಅದನ್ನು ಕಾಯಲು ಇನ್ನೊಂದು ಯಂತ್ರ. 2014ರ ಫೆಬ್ರವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 17 ಬಗೆಯ ಕೈಗಾರಿಕೆಗಳು ತಮ್ಮ ಹೊಗೆ, ಕೊಳಚೆ ನೀರುಗಳನ್ನು ನಿರಂತರವಾಗಿ ಅಳೆದು ಸಂಖ್ಯೆಗಳನ್ನು ನೇರವಾಗಿ ಮಂಡಳಿಗೆ ಕಳಿಸಬೇಕೆಂದು ಆದೇಶಿಸಿತು. ಸಕ್ಕರೆ ಕಾರ್ಖಾನೆಗಳೂ ಆ ಪಟ್ಟಿಯಲ್ಲಿವೆ. ಅಂದರೆ ರಾಯಬಾಗದ ಹತ್ತಿರದ ಒಂದು ಕಾರ್ಖಾನೆ ಹಳ್ಳಕ್ಕೆ ಬಿಡುವ ನೀರಿನ ಗುಣ ದೆಹಲಿಯ ಪರದೆಯ ಮೇಲೆ ಕಾಣುತ್ತದೆ. ಇದು ಒಳ್ಳೆಯದೇ.

ರಾಯಬಾಗದ ರೈತನ ಕಬ್ಬಿನ ಸಿಹಿ ಮಾತ್ರ ಯಾವ ಪರದೆಯ ಮೇಲೂ ಅವನಿಗೆ ಕಾಣುವುದಿಲ್ಲ. ಕಬ್ಬಿನ ದರವೋ ಆ ಸಿಹಿಗೇ ಕಟ್ಟುಬಿದ್ದಿದೆ. 1966ರ ಕಬ್ಬು ನಿಯಂತ್ರಣ ಆದೇಶ ಕನಿಷ್ಠ ಬೆಲೆ ನಿಗದಿಗೆ ನೋಡಬೇಕಾದ ಅಂಶಗಳಲ್ಲಿ 'ರಿಕವರಿ'ಯನ್ನೂ ಸೇರಿಸಿತು. ನೂರು ಕಿಲೋ ಕಬ್ಬು ಅರೆದರೆ ಎಷ್ಟು ಕಿಲೋ ಸಕ್ಕರೆ ಬಂತು ಎಂಬುದೇ ರಿಕವರಿ. 2009ರಲ್ಲಿ ಎಫ್‌ಆರ್‌ಪಿ ಪದ್ಧತಿ ಬಂದಾಗ ಮೂಲ ರಿಕವರಿ ಶೇ. 9.5 ಇತ್ತು, 2018-19ಕ್ಕೆ 10, 2022-23ಕ್ಕೆ 10.25 ಆಯಿತು. 2025-26ರ ಹಂಗಾಮಿಗೆ ದರ ಕ್ವಿಂಟಲಿಗೆ 355 ರೂಪಾಯಿ, ಮೂಲ ರಿಕವರಿಯ ಮೇಲೆ ಪ್ರತಿ ಶೇ. 0.1ಕ್ಕೆ 3.46 ರೂಪಾಯಿ ಹೆಚ್ಚು. ಲೆಕ್ಕ ಹಾಕಿ ನೋಡಿ. ರಿಕವರಿಯಲ್ಲಿ ಶೇ. 1ರ ವ್ಯತ್ಯಾಸ ಎಂದರೆ ಟನ್ನಿಗೆ 346 ರೂಪಾಯಿ. ಎಕರೆಗೆ 40 ಟನ್ ಬೆಳೆದವನಿಗೆ 13,840 ರೂಪಾಯಿ. ನಾಲ್ಕು ಎಕರೆಗೆ 55 ಸಾವಿರ ದಾಟುತ್ತದೆ.

ಇಷ್ಟು ದುಡ್ಡಿನ ಸಂಖ್ಯೆ ಒಬ್ಬ ರೈತನ ಕಬ್ಬಿನದ್ದಲ್ಲ, ಇಡೀ ಕಾರ್ಖಾನೆಯ ಸರಾಸರಿ. ಅದೂ ರೂಢಿಯಲ್ಲಿ ಹಿಂದಿನ ಹಂಗಾಮಿನದ್ದು. ಈ ವರ್ಷ ನಾನು ಕಳಿಸಿದ ಕಬ್ಬಿಗೆ ಹೋದ ವರ್ಷ ಎಲ್ಲರ ಕಬ್ಬಿನಿಂದ ಬಂದ ಸಕ್ಕರೆಯ ಲೆಕ್ಕದಲ್ಲಿ ದರ. ರೈತನ ಕೈಗೆ ಬರುವುದು ತೂಕದ ಪಾವತಿ ಒಂದೇ.

ಈ ಪಾವತಿಯನ್ನು ಕೈಯಲ್ಲಿ ಹಿಡಿದು ನಮ್ಮವ್ವ ಒಮ್ಮೆ ಕೇಳಿದ್ದಳು: "ಹಾಲಿಗೆ ಮಿಷನ್ ಐತಿ. ಅರ್ಧ ಲೀಟರ್ ಹಾಕಿದ್ರೂ ಫ್ಯಾಟ್ ಇಷ್ಟು, ಡಿಗ್ರಿ ಇಷ್ಟು ಅಂತ ಚೀಟಿ ಬರತೈತಿ. ಕಬ್ಬು ಗಾಡಿಗಟ್ಟಲೆ ಹೋಕ್ಕತಿ, ಅದಕ್ಕ ಯಾಕ ಮಿಷನ್ ಇಲ್ಲೋ ತಮ್ಮಾ?" ಇಂಥ ಯಂತ್ರಗಳದ್ದೇ ಸಾಫ್ಟ್‌ವೇರ್ ಬರೆಯುವ ನಾನು ಉತ್ತರ ಹೇಳಲು ಹಾಲಿನ ಚರಿತ್ರೆಯನ್ನೂ ಓದಬೇಕಾಯಿತು.

ಹಾಲಿನದ್ದೂ ಒಂದು ಕಾಲಕ್ಕೆ ಕಬ್ಬಿನ ಪಾಡೇ. ಅಮೆರಿಕದ ಡೇರಿಗಳು ಹಾಲಿಗೆ ತೂಕದ ಮೇಲೆ ದುಡ್ಡು ಕೊಡುತ್ತಿದ್ದವು. ನೀರು ಬೆರೆಸಿದವನಿಗೂ, ಕೆನೆ ತೆಗೆದವನಿಗೂ, ಒಳ್ಳೆಯ ಹಾಲು ತಂದವನಿಗೂ ಒಂದೇ ದರ. 1890ರಲ್ಲಿ ವಿಸ್ಕಾನ್ಸಿನ್‌ನ ಸ್ಟೀಫನ್ ಬ್ಯಾಬ್‌ಕಾಕ್ ಗಂಧಕಾಮ್ಲ ಹಾಕಿ, ತಿರುಗಿಸಿ, ಕೊಬ್ಬನ್ನು ಮೇಲೆ ತೇಲಿಸಿ ಅಳೆಯುವ ಸರಳ ಪರೀಕ್ಷೆ ಕಂಡುಹಿಡಿದ; ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಮಾಡಿದ ವಿಧಾನ ನಮ್ಮ ಹಳ್ಳಿಗಳವರೆಗೆ ಬಂತು. 10 ಮಿಲಿ ಆಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೊಹಾಲ್. ಹಾಲಿನ ಸೊಸೈಟಿಯಲ್ಲಿ ಟೆಸ್ಟರ್ ಆಗಿದ್ದವರ ಅಂಗಿಯ ಮೇಲೆ ಆಮ್ಲ ಸಿಡಿದ ತೂತುಗಳನ್ನು ನಮ್ಮ ವಯಸ್ಸಿನವರು ಕಂಡೇ ಇರುತ್ತಾರೆ.

ಕರ್ನಾಟಕಕ್ಕೆ ಈ ವಿದ್ಯೆ ಹೊಸದೇನಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ 1923ರಲ್ಲೇ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಇತ್ತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ಕಲಿತರು; ವರ್ಗೀಸ್ ಕುರಿಯನ್ ಅಮೆರಿಕಕ್ಕೆ ಹೋಗುವ ಮೊದಲು ಅಲ್ಲಿ ತರಬೇತಿಗೆ ಬಂದಿದ್ದರು. 1974ರ ನಂತರ ವಿಶ್ವಬ್ಯಾಂಕಿನ ನೆರವಿನಿಂದ ಆನಂದ್ ಮಾದರಿಯ ಸೊಸೈಟಿಗಳು ರಾಜ್ಯದಲ್ಲಿ ಹಬ್ಬಿ, 1984ರಲ್ಲಿ ಕೆಎಂಎಫ್ ಆಯಿತು. ಅಷ್ಟರಲ್ಲಿ ಡೆನ್ಮಾರ್ಕಿನ ಫಾಸ್ ಕಂಪನಿ ಹಾಲಿನ ಮೂಲಕ ಬೆಳಕು ಹಾಯಿಸಿ ಕೊಬ್ಬು ಹೇಳುವ ಯಂತ್ರ ಮಾಡಿತ್ತು. ಈಗ ಹಳ್ಳಿಯ ಡೇರಿಯಲ್ಲಿ ಶಬ್ದತರಂಗದಿಂದ ಒಂದು ನಿಮಿಷದೊಳಗೆ ಕೊಬ್ಬು ಮತ್ತು ಕೊಬ್ಬಲ್ಲದ ಘನಾಂಶ ಹೇಳುವ ಪುಟ್ಟ ಪೆಟ್ಟಿಗೆ ಇದೆ. ತೂಕ, ಫ್ಯಾಟ್, ದರ, ಒಟ್ಟು ಹಣ ಸಾಲಾಗಿ ಡಿಸ್‌ಪ್ಲೇ ಮೇಲೆ ಬರುತ್ತವೆ. ಮುಖ್ಯವಾದದ್ದು ಆ ಡಿಸ್‌ಪ್ಲೇ. ಅದು ಹಾಲು ಹಾಕುವವಳ ಕಡೆಗೂ ಮುಖ ಮಾಡಿರುತ್ತದೆ.

ಹಾಲಿನ ಯಂತ್ರವೂ ದೇವರೇನಲ್ಲ. ಕಾಲಕಾಲಕ್ಕೆ ಕ್ಯಾಲಿಬ್ರೇಷನ್ ಮಾಡದಿದ್ದರೆ ಅದೂ ಸುಳ್ಳು ಹೇಳುತ್ತದೆ. ಆದರೆ ನಿನ್ನೆ 4.1 ಇದ್ದದ್ದು ಇಂದು 3.4 ಯಾಕೆ ಎಂದು ಅವ್ವ ಅಲ್ಲೇ ನಿಂತು ಜಗಳ ಮಾಡಬಹುದು. ಜಗಳ ಮಾಡಲು ಅವಳ ಕೈಯಲ್ಲಿ ಒಂದು ಸಂಖ್ಯೆ ಇದೆ.

ಕಬ್ಬಿಗೆ ಇದು ಸಾಧ್ಯವೇ ಇಲ್ಲವೇ? ಇದೆ, ಬೇರೆ ಕಡೆ ಆಗಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬಿನ ಬೆಲೆಯ ಜಗಳ ಹೆಚ್ಚಾದಾಗ 1915ರಲ್ಲೇ ಕಾನೂನು ತಂದು ಬೆಲೆ ಮಂಡಳಿಗಳನ್ನು ಮಾಡಿದರು. ಪ್ರತಿ ಬೆಳೆಗಾರನ ಕಬ್ಬಿನ ರಸವನ್ನು ಬೇರೆಬೇರೆಯಾಗಿ ಪರೀಕ್ಷಿಸುವುದು, ಬೆಳೆಗಾರರು ತಮ್ಮ ಪರವಾಗಿ ಒಬ್ಬ ತಪಾಸಣೆಯ ಕೆಮಿಸ್ಟನನ್ನು ಕಾರ್ಖಾನೆಯ ಲ್ಯಾಬಿನಲ್ಲಿ ಕೂರಿಸುವುದು ಅಲ್ಲಿ ಬಳಕೆಗೆ ಬಂತು. ಬ್ರೆಜಿಲಿನ ಸಾವೊ ಪಾಲೊದಲ್ಲಿ 1980ರ ದಶಕದಿಂದ ಸಕ್ಕರೆಯ ಅಂಶದ ಮೇಲೆ ಪಾವತಿ ಇದೆ. ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ 1960ರ ದಶಕದಲ್ಲಿ ಧಾನ್ಯಗಳಿಗೆ ಬಳಸಿದ ಅವಕೆಂಪು ಬೆಳಕಿನ ವಿಧಾನವನ್ನು ಕ್ವೀನ್ಸ್‌ಲ್ಯಾಂಡಿನವರು 1990ರ ದಶಕದಲ್ಲಿ ಕಬ್ಬಿಗೆ ತಂದರು. ಪುಡಿಯಾದ ಕಬ್ಬು ಸಾಗುತ್ತಿರುವಾಗಲೇ ಯಂತ್ರ ಅದರ ಪೋಲ್, ಬ್ರಿಕ್ಸ್ ಹೇಳುತ್ತದೆ.

ನಮ್ಮಲ್ಲಿ ತೊಡಕುಗಳೂ ನಿಜವಾದವು. ಅಲ್ಲಿಯ ಬೆಳೆಗಾರ ರೈಲಿನ ಡಬ್ಬಿಗಟ್ಟಲೆ ಕಬ್ಬು ಕಳಿಸುತ್ತಾನೆ. ಇಲ್ಲಿ ದಿನಕ್ಕೆ ನೂರಾರು ಟ್ರ್ಯಾಕ್ಟರು, ಎತ್ತಿನ ಗಾಡಿ, ಒಂದೊಂದೂ ಒಬ್ಬೊಬ್ಬರದು. ಕಡಿದ ಕಬ್ಬು ಗೇಟಿನ ಹೊರಗೆ ಎರಡು ದಿನ ಬಿಸಿಲಿನಲ್ಲಿ ನಿಂತರೆ ಸಕ್ಕರೆ ಒಡೆಯುತ್ತದೆ. ಆಗ ಬೇರೆಬೇರೆ ಅಳೆದರೆ ಕಾರ್ಖಾನೆಯ ತಡದ ದಂಡವನ್ನು ರೈತ ತೆರಬೇಕು. ಕೃಷ್ಣೆಯ ದಂಡೆಯಲ್ಲಿ ಅತಿ ನೀರಿನಿಂದ ಸವಳಾದ ಹೊಲದವನಿಗೆ ಸರಾಸರಿ ದರವೇ ಆಸರೆ. ಎಲ್ಲರ ಕಬ್ಬನ್ನೂ ಒಟ್ಟಿಗೆ ಎಣಿಸುವುದರಲ್ಲಿ ಸಹಕಾರದ ಒಂದು ನ್ಯಾಯವೂ ಇದೆ. ಹಾಗಾಗಿ ನಾಳೆಯೇ ಪ್ರತಿ ಗಾಡಿಗೂ ಯಂತ್ರ ಹಚ್ಚಿ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೆ ಸರಾಸರಿಯೇ ಇರಲಿ ಎಂದರೂ ಆ ಸರಾಸರಿ ಕಣ್ಣಿಗೆ ಕಾಣಬೇಕಲ್ಲವೇ? 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತಾಗ ನಾವಿಲ್ಲಿ ಫೋನಿನಲ್ಲಿ ವಿಡಿಯೊ ನೋಡುತ್ತಿದ್ದೆವು. ನವೆಂಬರ್ 7ಕ್ಕೆ ಸರ್ಕಾರ 3,300ರ ದರ ಪ್ರಕಟಿಸಿತು. ಮುಧೋಳ ಕಡೆಯ ರೈತರು ಅದಕ್ಕೂ ಒಪ್ಪದೆ, ರಿಕವರಿಯ ಮಾತೇ ಬೇಡ, ಒಂದೇ ದರ ಹೇಳಿ ಎಂದು ಪಟ್ಟು ಹಿಡಿದರು. ಬೆಳಗಾವಿ-ಬಾಗಲಕೋಟೆಯ ಕಬ್ಬು ಸಿಹಿಗೆ ಹೆಸರಾದದ್ದು. ಸಿಹಿ ಅಳೆದರೆ ಲಾಭ ಅವರಿಗೇ. ಅಂಥವರೇ ಅಳತೆ ಬೇಡ ಅನ್ನುವ ಹಂತಕ್ಕೆ ಬಂದರು ಎಂದರೆ ಆ ಅಳತೆ ಎಷ್ಟು ಮರೆಯಲ್ಲಿ ನಡೆಯುತ್ತಿರಬೇಕು.

ಬೇಕಾದ ಸಂಖ್ಯೆಗಳೆಲ್ಲ ಕಾರ್ಖಾನೆಯಲ್ಲಿ ಈಗಾಗಲೇ ಇವೆ. ಮೊದಲ ಗಿರಣಿಯ ರಸದ ಬ್ರಿಕ್ಸ್ ಮತ್ತು ಪೋಲ್ ಲ್ಯಾಬಿನ ಪುಸ್ತಕದಲ್ಲಿದೆ. ಅರೆದ ಕಬ್ಬು, ಚೀಲಕ್ಕೆ ಬಿದ್ದ ಸಕ್ಕರೆ, ಎಥೆನಾಲಿಗೆ ತಿರುಗಿಸಿದ ಪಾಕ, ಎಲ್ಲದರ ಲೆಕ್ಕ ದಿನದಿನವೂ ಬರೆಯುತ್ತಾರೆ, ಸರ್ಕಾರಕ್ಕೂ ಕಳಿಸುತ್ತಾರೆ. ಕೊಳಚೆ ನೀರಿನ ಅಳತೆಯನ್ನು ದೆಹಲಿಗೆ ಮುಟ್ಟಿಸುವ ತಂತಿ ಇರುವಾಗ, ರಸದ ಅಳತೆಯನ್ನು ಗೇಟಿನವರೆಗೆ ತರುವುದು ತಂತ್ರಜ್ಞಾನದ ಮಾತೇ ಅಲ್ಲ. ನಮ್ಮಂಥ ನಾಲ್ಕು ಜನರಿಗೆ ಒಂದು ವಾರದ ಕೆಲಸ. ಗಂಟೆಗೊಮ್ಮೆ ಬದಲಾಗುವ ಒಂದು ಬೋರ್ಡು, ಲ್ಯಾಬಿನಲ್ಲಿ ರೈತರ ಕಡೆಯಿಂದ ಕೂರುವ ಒಬ್ಬ ಬಿಎಸ್ಸಿ ಓದಿದ ಹುಡುಗಿ ಅಥವಾ ಹುಡುಗ, ಹೊರಗಿನವರಿಂದ ಕ್ಯಾಲಿಬ್ರೇಷನ್. ಕ್ವೀನ್ಸ್‌ಲ್ಯಾಂಡ್ ನೂರು ವರ್ಷಗಳ ಹಿಂದೆ ಮಾಡಿದ್ದು ಹೆಚ್ಚುಕಡಿಮೆ ಇಷ್ಟೇ.

ಆ ಬೋರ್ಡು ಗೇಟಿನ ಹೊರಗೆ, ಕಾಟಾದ ಪಕ್ಕದಲ್ಲಿ, ಕನ್ನಡದಲ್ಲಿ ಇರಬೇಕು.